ಹಕ್ಕಲು ಆಯ್ದ ಹಾಗೆ ಸತ್ಯವೇದ ಓದುವುದು

ಚಳ್ಳಕೆರೆ ಕಡೆ ಶೇಂಗಾ ಕಿತ್ತ ಮೇಲೆ ಹೊಲದಲ್ಲಿ ಹಕ್ಕಲು ಆಯುತ್ತಾರೆ. ಗಿಡ ಕೀಳುವಾಗ ಕಳಚಿ ಮಣ್ಣಲ್ಲೇ ಉಳಿದ ಕಾಯಿಗಳು ಅವು. ಚಿಕ್ಕವಳಿದ್ದಾಗ ನಾನೂ ಅವ್ವನ ಜೊತೆ ಹೋಗುತ್ತಿದ್ದೆ. ಹೊಲವೆಲ್ಲ ಓಡಾಡಿ ಹುಡುಕಿದರೂ ನನ್ನ ಉಡಿಯಲ್ಲಿ ಹತ್ತು ಕಾಯಿ. ಅವ್ವ ಒಂದೇ ಸಾಲು ಹಿಡಿದು, ಕುಕ್ಕರಗಾಲಲ್ಲಿ ಕೂತು, ಕುಡುಗೋಲಿನ ತುದಿಯಿಂದ ಗೇಣು ಗೇಣು ಮಣ್ಣು ಕೆದಕುತ್ತಿದ್ದಳು. ಸಂಜೆಗೆ ಅವಳ ಉಡಿ ತುಂಬಿರುತ್ತಿತ್ತು.

ಈಗ ನಾನು ಚಿತ್ರದುರ್ಗದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಗುರುವಾರ ಸಂಜೆ ನಮ್ಮ ಚರ್ಚಿನ ಸಭೆಯ ಏಳೆಂಟು ಹೆಂಗಸರು ಸತ್ಯವೇದ, ಅಂದರೆ ಬೈಬಲ್ ಓದಲು ಇಲ್ಲೇ ಕೂಡುತ್ತೇವೆ. "ಅಕ್ಕಾ, ದಿನಾ ಓದ್ತೀನಿ, ಆದ್ರೆ ಮನಸ್ಸಿಗೆ ಏನೂ ಹತ್ತಲ್ಲ" ಅನ್ನುವವರೇ ಜಾಸ್ತಿ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಚಿಕ್ಕ ಪುಸ್ತಕ ಹಿಡಿಯಿರಿ. ಸತ್ಯವೇದದ ಮೊದಲ ಪುಸ್ತಕ ಆದಿಕಾಂಡದಿಂದ ಶುರು ಮಾಡಿ, ನಿಯಮಗಳೇ ತುಂಬಿದ ಮೂರನೇ ಪುಸ್ತಕ ಯಾಜಕಕಾಂಡದಲ್ಲಿ ನಿಲ್ಲಿಸಿದವರನ್ನು ನಾನು ಬಹಳ ನೋಡಿದ್ದೇನೆ. ನನ್ನ ಆಯ್ಕೆ ರೂತಳ ಪುಸ್ತಕ. ನಾಲ್ಕೇ ಅಧ್ಯಾಯ, 85 ವಚನ. ಮೊದಲ ದಿನ ಏನನ್ನೂ ಬರೆಯಬೇಡಿ, ಕಥೆ ಓದಿದ ಹಾಗೆ ಪೂರ್ತಿ ಓದಿ. ಆದರೆ ಬಾಯಿ ಬಿಟ್ಟು ಓದಿ. ಕಣ್ಣು ಹಾರಿಸಿದ್ದನ್ನು ಕಿವಿ ಹಿಡಿಯುತ್ತದೆ. ಮರುದಿನದಿಂದ ದಿನಕ್ಕೆ ಎಂಟು ಹತ್ತು ವಚನ ಸಾಕು. ಓದುವ ಮುಂಚೆ ನಾನು ಮಾಡುವ ಪ್ರಾರ್ಥನೆ ಒಂದೇ ಸಾಲು: "ಕರ್ತನೇ, ನನಗೆ ಬೇಕಾದ್ದಲ್ಲ, ಇಲ್ಲಿ ಇರುವುದು ಕಾಣಲಿ."

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅವತ್ತಿನ ವಚನಗಳನ್ನು ಕೈಯಲ್ಲಿ ಬರೆಯಿರಿ. ಅದು ಕಾಪಿ ಬರೆಯೋ ಕೆಲಸ ಅನ್ನಿಸಬಹುದು, ಆದರೂ ಬಿಡಬೇಡಿ. ರೂತಳ ಎರಡನೇ ಅಧ್ಯಾಯ ಬರೆಯುವಾಗಲೇ ನನ್ನ ಪೆನ್ನು "ಹಕ್ಕಲು" ಅನ್ನುವ ಮಾತಿನ ಹತ್ತಿರ ನಿಂತಿತು. ನಮ್ಮವ್ವನ ಮಾತು ಸತ್ಯವೇದದಲ್ಲಿ! ಎಷ್ಟು ಸಲ ಓದಿದ್ದೆ, ಕಂಡಿರಲೇ ಇಲ್ಲ. ಕಣ್ಣಲ್ಲಿ ನೀರು ಬಂತು.

ಅಲ್ಲಿಂದ ಒಂದೊಂದೇ ಪ್ರಶ್ನೆ ಹುಟ್ಟಿತು. ಹಕ್ಕಲು ಆಯಲು ಇನ್ನೊಬ್ಬರ ಹೊಲಕ್ಕೆ ರೂತಳು ಹೇಗೆ ಹೋದಳು? ಕೆಲವು ಪ್ರತಿಗಳಲ್ಲಿ ಅದೇ ವಿಷಯ ಬೇರೆ ಎಲ್ಲಿ ಬರುತ್ತದೆ ಅಂತ ವಚನದ ಕೆಳಗೆ ಸಣ್ಣ ಅಕ್ಷರದಲ್ಲಿ ಕೊಟ್ಟಿರುತ್ತಾರೆ. ಅದನ್ನು ಹಿಡಿದು ಹೋಗಿ. ಯಾಜಕಕಾಂಡ 19, ಧರ್ಮೋಪದೇಶಕಾಂಡ 24 ಸಿಗುತ್ತವೆ. ಪರದೇಶಿಗೆ, ವಿಧವೆಗೆ, ತಂದೆತಾಯಿ ಇಲ್ಲದವರಿಗೆ ಬೆಳೆ ಉಳಿಸಬೇಕು ಅಂತ ಅಲ್ಲಿ ದೇವರ ಆಜ್ಞೆಯೇ ಇದೆ. ರೂತಳು ಮೋವಾಬ್ ಅನ್ನುವ ಬೇರೆ ದೇಶದವಳು, ಗಂಡ ಸತ್ತವಳು. ಅಂದರೆ ಹಕ್ಕಲು ಅವಳಿಗೆ ಭಿಕ್ಷೆ ಅಲ್ಲ, ದೇವರು ಕೊಟ್ಟ ಹಕ್ಕು. ಯಾರೂ ಓದುವುದಿಲ್ಲ ಅಂದ ಯಾಜಕಕಾಂಡವೇ ಈ ಕಥೆಯನ್ನು ಎತ್ತಿ ಹಿಡಿದಿದೆ!

ಇನ್ನೂ ಹತ್ತಿರ ಹೋಗಿ ನೋಡಿ. ಹೊಲದ ಒಡೆಯ ಬೋವಜನು ಊಟದ ಹೊತ್ತಿಗೆ ಹುರಿದ ಕಾಳು ಕೊಡುತ್ತಾನೆ. ರೂತಳು ಹೊಟ್ಟೆ ತುಂಬ ತಿಂದು ಸ್ವಲ್ಪ ಉಳಿಸುತ್ತಾಳೆ. ಯಾಕೆ ಅಂತ 14ನೇ ವಚನದಲ್ಲಿ ಹೇಳಿಲ್ಲ. 18ನೇ ವಚನದಲ್ಲಿ ಅದನ್ನೇ ತೆಗೆದು ಅತ್ತೆ ನೊವೊಮಿಯ ಕೈಗೆ ಕೊಡುತ್ತಾಳೆ. ಅವತ್ತು ಅವಳು ಬಡಿದು ತಂದ ಜವೆಗೋದಿ ಒಂದು ಏಫಾ, ಈಗಿನ ಅಳತೆಯಲ್ಲಿ ಸುಮಾರು 22 ಲೀಟರ್. ಅಷ್ಟು ಹೊತ್ತು ತಂದವಳು ಒಂದು ಹಿಡಿ ಹುರಿಗಾಳನ್ನೂ ಮರೆಯಲಿಲ್ಲ ಅಲ್ವಾ. ಇಂಥದ್ದು ಬೇಗ ಓದಿದರೆ ಸಿಗುವುದಿಲ್ಲ.

ಹಳೆಯ ಅನುವಾದದ ಮಾತು ಅರ್ಥ ಆಗದಿದ್ದರೆ ಸುಲಭ ಭಾಷೆಯ ಅನುವಾದವನ್ನು ಪಕ್ಕದಲ್ಲಿಟ್ಟು ನೋಡಿ. ಅದೂ ಸಾಲದಿದ್ದರೆ ಸಭೆಯ ಅಯ್ಯನವರನ್ನು, ಅಂದರೆ ಪಾಸ್ಟರನ್ನು ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ.

ಒಂದು ಮಾತನ್ನು ಮಾತ್ರ ನಾನು ಒತ್ತಿ ಹೇಳುತ್ತೇನೆ. ಒಂದೇ ವಚನ ಕಿತ್ತು ಇಟ್ಟುಕೊಳ್ಳಬೇಡಿ. ಬಲಪಡಿಸುವಾತನಿಂದ ನಾನು ಎಲ್ಲಕ್ಕೂ ಶಕ್ತನು ಅನ್ನುವ ಫಿಲಿಪ್ಪಿಯವರ ಪತ್ರದ ಮಾತು ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿತ್ತು. ಮಗನ ಪಿಯುಸಿ ಪರೀಕ್ಷೆಗೆ ಅದನ್ನೇ ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿದ್ದೆ. ಫಿಸಿಕ್ಸ್‌ನಲ್ಲಿ ಫೇಲಾದ. "ಅಮ್ಮಾ, ದೇವರ ಮಾತು ಸುಳ್ಳಾಯ್ತಲ್ವಾ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ಇಬ್ಬರೂ ಕೂತು ಪತ್ರವನ್ನು ಮೊದಲಿನಿಂದ ಓದಿದೆವು. ಅಪೊಸ್ತಲ ಪೌಲ ಅದನ್ನು ಬರೆದದ್ದು ಸೆರೆಯಲ್ಲಿ, ಬೇಡಿಯಲ್ಲಿದ್ದಾಗ. ಆ ವಚನದ ಹಿಂದಿನ ಸಾಲುಗಳಲ್ಲೇ ಹೇಳುತ್ತಾನೆ: ಹಸಿವಿದ್ದರೂ ಸರಿ, ಹೊಟ್ಟೆ ತುಂಬಿದರೂ ಸರಿ, ಇರುವುದರಲ್ಲಿ ಇರುವುದನ್ನು ಕಲಿತಿದ್ದೇನೆ ಅಂತ. ಅದು ಗೆಲ್ಲುವ ಮಾತಲ್ಲ, ತಾಳುವ ಮಾತು. ಮಗ ಆ ಚೀಟಿಯನ್ನು ಬಿಸಾಡಲಿಲ್ಲ. ಹಿಂಬದಿಯಲ್ಲಿ ಆ ಹಿಂದಿನ ವಚನಗಳ ಸಂಖ್ಯೆ 11, 12 ಅಂತ ಬರೆದುಕೊಂಡ. ಸಪ್ಲಿಮೆಂಟರಿಗೆ ಓದಲು ಕೂತ.

ಆಗಾಗ ಪುಸ್ತಕವನ್ನು ಹೊರಗೂ ಒಯ್ಯಿರಿ. ಒಂದು ಭಾನುವಾರ ಆರಾಧನೆ ಮುಗಿಸಿ ಕೋಟೆ ಹತ್ತಿದ್ದೆ. ಬಿಸಿಲಿಗೆ ಸೋತು ದೊಡ್ಡ ಬಂಡೆಯ ನೆರಳಲ್ಲಿ ಕೂತು ಕೀರ್ತನೆ 18 ತೆಗೆದೆ. ದಾವೀದ ದೇವರನ್ನು ನನ್ನ ಬಂಡೆ, ನನ್ನ ಕೋಟೆ ಅನ್ನುತ್ತಾನೆ. ತನ್ನನ್ನು ಕೊಲ್ಲಲು ಬೆನ್ನಟ್ಟಿದ ರಾಜ ಸೌಲನಿಗೆ ತಪ್ಪಿಸಿಕೊಂಡು ಏಂಗೆದಿಯ ಗುಹೆಯಲ್ಲಿ ಅಡಗಿದ್ದವನು. ಬೆನ್ನಿಗೆ ಕಲ್ಲಿನ ತಂಪು ಹತ್ತಿದಾಗ ಆ ಮಾತು ಬೇರೆಯೇ ಕೇಳಿಸಿತು. ಏಳು ಸುತ್ತಿನ ಕೋಟೆಯ ಊರಿನವರಿಗೆ ಈ ಕೀರ್ತನೆಯನ್ನು ಬಿಡಿಸಿ ಹೇಳಬೇಕಿಲ್ಲ.

ಗುಂಪಿನಲ್ಲಿ ನಮ್ಮದು ಒಂದೇ ನಿಯಮ. ಯಾರು ಏನು ಹೇಳಿದರೂ "ಎಲ್ಲಿದೆ, ತೋರಿಸಿ" ಅನ್ನಬಹುದು. ನನಗೂ ಅನ್ನಬಹುದು. ಬೆರೋಯ ಅನ್ನುವ ಊರಿನವರು ಪೌಲನ ಮಾತನ್ನೇ ದಿನಾ ಶಾಸ್ತ್ರ ತೆಗೆದು ಪರೀಕ್ಷಿಸುತ್ತಿದ್ದರು ಅಂತ ಅಪೊಸ್ತಲರ ಕೃತ್ಯಗಳು 17ರಲ್ಲಿದೆ.

ಕೊನೆಗೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಖಾಲಿ ಬಿಡಿ. ಈ ವಾರ ಏನು ಮಾಡುತ್ತೇನೆ ಅಂತ ಅಲ್ಲಿ ಬರೆಯಿರಿ. ಇನ್ಮೇಲೆ ಒಳ್ಳೆಯವಳಾಗಿರುತ್ತೇನೆ ಅಂತ ಬರೆದರೆ ಆಗಲ್ಲ, ಕೈಯಲ್ಲಿ ಮಾಡುವ ಕೆಲಸ ಬರೆಯಿರಿ. ರೂತಳ ಪುಸ್ತಕದಲ್ಲಿ ಬೋವಜ ತನ್ನ ಆಳುಗಳಿಗೆ, ಸಿವುಡಿನಿಂದ ತೆನೆ ಎಳೆದು ಬೇಕಂತಲೇ ಬಿಡಿ ಅನ್ನುತ್ತಾನೆ. ಅದನ್ನು ಓದಿದ ವಾರ ನಾನು ಚಿಂದಿ ಚೀಲದ ಮುಂದೆ ಬಹಳ ಹೊತ್ತು ನಿಂತಿದ್ದೆ. ನಮ್ಮ ಬೀದಿಯಲ್ಲಿ ಕೌದಿ ಹೊಲಿಯುವ ಅಜ್ಜಿಯೊಬ್ಬರಿದ್ದಾರೆ. ಶನಿವಾರ ಬಂದು ಕತ್ತರಿಸಿ ಉಳಿದ ತುಂಡು ಒಯ್ಯುತ್ತಾರೆ. ಕೈಯಗಲದ ಒಳ್ಳೆಯ ತುಂಡುಗಳನ್ನು ಪೈಪಿಂಗಿಗೆ ಬೇಕಾಗುತ್ತದೆ ಅಂತ ನಾನು ಬೇರೆ ಎತ್ತಿಡುತ್ತಿದ್ದೆ. ಈಗ ಅವೂ ಆ ಚೀಲಕ್ಕೇ ಹೋಗುತ್ತವೆ.