ಹಳೆಯ ಮಿಲಿಟರಿ ಟ್ರೇಲರಿನಲ್ಲಿ ಮಲ್ಚ್, ಜಲ್ಲಿ, ಸೌದೆ: ನನ್ನ ಅನುಭವ

ನಾವಿರುವುದು ಅಮೆರಿಕದ ಉತ್ತರ ಕೆರೊಲಿನಾದಲ್ಲಿ. ಮನೆಗೆ ದೊಡ್ಡ ಹಿತ್ತಲಿದೆ. ವಸಂತ ಬಂತೆಂದರೆ ಗಿಡಗಳ ಬುಡಕ್ಕೆ ಹರಡಲು ಮಲ್ಚ್, ಅಂದರೆ ಮರದ ಚೂರು ಬೇಕು, ಕಾಲುದಾರಿಗೆ ಜಲ್ಲಿ ಬೇಕು. ಚಳಿಗಾಲಕ್ಕೆ ಸೌದೆ. ಕಡಿದ ಕೊಂಬೆ, ಮುರಿದ ಬೇಲಿ ಎಲ್ಲವನ್ನೂ ಕೌಂಟಿಯ ಕಸದ ಕೇಂದ್ರಕ್ಕೆ ನಾವೇ ಒಯ್ಯಬೇಕು. ಇಷ್ಟಕ್ಕಾಗಿ ಪಿಕಪ್ ಟ್ರಕ್ ಕೊಳ್ಳಲು ಮನಸ್ಸಾಗಲಿಲ್ಲ. ಎರಡು ಬಾಗಿಲಿನ ರ್‍ಯಾಂಗ್ಲರ್ ಜೀಪು ಇತ್ತು. ಅದರ ಹಿಂದೆ ಕಟ್ಟಲು ಹಳೆಯ ಎಂ416 ಟ್ರೇಲರ್ ತಂದೆ. ಈಗ ಮನೆಯ ಭಾರವೆಲ್ಲ ಅದರದ್ದೇ.

ಎಂ416 ಅಂದರೆ ಕಾಲು ಟನ್ನಿನ, ಎರಡು ಚಕ್ರದ ಟ್ರೇಲರ್. ಅಮೆರಿಕದ ಸೈನ್ಯ ಇದನ್ನು ಎಂ151 ಜೀಪಿನ ಹಿಂದೆ ಎಳೆಯಲು ಮಾಡಿಸಿತ್ತು. ಎರಡನೇ ಮಹಾಯುದ್ಧದ ಬ್ಯಾಂಟಮ್ ಟ್ರೇಲರ್, ಆಮೇಲಿನ ಎಂ100 ಇದರ ಹಿರಿಯರು. ಮೂರರದ್ದೂ ಒಂದೇ ಯೋಚನೆ: ಗಟ್ಟಿ ಚಾಸಿ, ಅದರ ಮೇಲೊಂದು ಉಕ್ಕಿನ ತೊಟ್ಟಿ. ಹೊಳೆ ದಾಟುವಾಗ ತೇಲಲಿ ಎಂದು ತೊಟ್ಟಿಗೆ ನೀರು ನುಗ್ಗದಂತೆ ಮಾಡಿದ್ದಾರೆ. ತಳದಲ್ಲಿ ಬಿರಡೆ ಇರುತ್ತದೆ. ಮನೆಯಲ್ಲಿ ನಿಲ್ಲಿಸುವಾಗ ಅದನ್ನು ತೆಗೆದೇ ಇಡಿ. ಇಲ್ಲದಿದ್ದರೆ ಮಳೆನೀರು ನಿಂತು ತಳ ತುಕ್ಕು ಹಿಡಿಯುತ್ತದೆ. ಕೊಳ್ಳುವ ಮುನ್ನ ನಾನು ಮಲಗಿ ನೋಡಿದ್ದೂ ಅದನ್ನೇ. ತೊಟ್ಟಿ ಚಾಸಿಯ ಮೇಲೆ ಕೂರುವ ಸಂದಿಯಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗಬಾರದು.

ಈಗ ಮುಖ್ಯ ವಿಷಯ, ತೂಕ. ಮಿಲಿಟರಿ ಮಾಲು ಅಂದಕೂಡಲೇ ಎಷ್ಟು ಹಾಕಿದರೂ ತಡೆಯುತ್ತೆ ಅಂತ ಜನ ನಂಬುತ್ತಾರೆ. ಎಂ416ರ ಮಿತಿ ಕಚ್ಚಾ ದಾರಿಯಲ್ಲಿ 500 ಪೌಂಡ್, ರಸ್ತೆಯಲ್ಲಿ 750 ಪೌಂಡ್. ಅಂದರೆ ಸುಮಾರು 227 ಮತ್ತು 340 ಕಿಲೋ, ಅಷ್ಟೇ. ಖಾಲಿ ಟ್ರೇಲರೇ 570 ಪೌಂಡಿನ ಆಸುಪಾಸು ತೂಗುತ್ತದೆ. ಅದಕ್ಕೆ ರಸ್ತೆಯ 750 ಸೇರಿದರೆ 1,320. ನನ್ನ ಜೀಪಿಗೆ ಎಳೆಯಲು ಹೇಳಿರುವ ಮಿತಿ 2,000 ಪೌಂಡ್. ಹಾಗಾಗಿ ಜೀಪಿಗೆ ಇದು ಹೊರೆಯಲ್ಲ.

ತೊಟ್ಟಿಯಲ್ಲಿ ಜಾಗ ಇದೆ ಅಂತ ತುಂಬಬಾರದು. ಒಂದು ಘನ ಗಜ ಜಲ್ಲಿ ಹತ್ತಿರಹತ್ತಿರ 2,800 ಪೌಂಡ್ ತೂಗುತ್ತದೆ. ಜಲ್ಲಿ ಅಂಗಡಿಯವರು ಲೋಡರಿನ ಬಕೆಟ್ಟಿನಲ್ಲಿ ಅರ್ಧ ಗಜ ಸುರಿದರೂ ನಮ್ಮ ಮಿತಿಯ ಹೆಚ್ಚುಕಮ್ಮಿ ಎರಡರಷ್ಟಾಯಿತು. ತೊಟ್ಟಿಗೆ ಏನೂ ಆಗಲ್ಲ. ಪೆಟ್ಟು ಬೀಳುವುದು ಅಚ್ಚಿಗೆ, ಬೇರಿಂಗಿಗೆ, ಟೈರಿಗೆ. ಅದಕ್ಕೇ ನಾನು ಜಲ್ಲಿಯನ್ನು ಸಲಿಕೆಯಲ್ಲಿ ನಾನೇ ತುಂಬಿಕೊಳ್ಳುತ್ತೇನೆ. ಕಾಲು ಗಜ ಆದ ಮೇಲೆ ಒಂದು ಸಲಿಕೆಯೂ ಜಾಸ್ತಿ ಇಲ್ಲ. ಒಣ ಮಲ್ಚ್ ಆದರೆ ಅಂಚಿನವರೆಗೆ ಧೈರ್ಯವಾಗಿ ಹಾಕಬಹುದು. ಮಳೆಯಲ್ಲಿ ನೆಂದ ಮಲ್ಚಿನ ಮಾತು ಬೇರೆ. ಹಸಿ ಓಕ್ ಸೌದೆಯೂ ಅಷ್ಟೇ, ನೋಡಲು ಸ್ವಲ್ಪ, ತೂಕ ವಿಪರೀತ.

ಭಾರ ಎಲ್ಲಿ ಕೂರಬೇಕು ಅನ್ನುವುದು ಎತ್ತಿನ ಗಾಡಿ ಹೇರಿದವರಿಗೆ ಹೇಳಬೇಕಾಗಿಲ್ಲ. ಹಿಂಭಾರವಾದರೆ ಗಾಡಿಯ ಮೂಕಿ ಮೇಲೇಳುತ್ತದಲ್ವಾ, ಇಲ್ಲೂ ಹಾಗೆಯೇ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತು ಪಾಲಿನಷ್ಟಾದರೂ ಮುಂದಿನ ಕೊಂಡಿಯ ಮೇಲೆ ಕೂರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಅತ್ತಿತ್ತ ಬಾಲ ಆಡಿಸುತ್ತದೆ, ಅದು ಅಪಾಯ. ಮನೆಯಲ್ಲಿ ತೂಕ ನೋಡಿಕೊಳ್ಳುವ ಯಂತ್ರವನ್ನೇ ಕೊಂಡಿಯ ಕೆಳಗೆ ಮರದ ತುಂಡಿಟ್ಟು ಕೂರಿಸಿ ಅಳೆಯುತ್ತೇನೆ. ಭಾರವಾದ ಕಲ್ಲು, ಚೀಲಗಳು ಅಚ್ಚಿಗಿಂತ ತುಸು ಮುಂದೆ ಬರಬೇಕು.

ಕೊಂಡಿಯೂ ಬೇರೆ ತರಹದ್ದು. ಸಾಮಾನ್ಯ ಟ್ರೇಲರ್ ಎಳೆಯುವ ಗಾಡಿಯ ಹಿಂದಿರುವ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಇದಕ್ಕೆ ದಪ್ಪ ಉಕ್ಕಿನ ಬಳೆ, ಅದು ಗಾಡಿಯ ಪಿಂಟಲ್ ಕೊಕ್ಕೆಗೆ ಸಿಕ್ಕಿಕೊಳ್ಳಬೇಕು. ಖಾಲಿ ಹೋಗುವಾಗ ಸಡಿಲಕ್ಕೆ ಕಟಕಟ ಸದ್ದು ಮಾಡುತ್ತದೆ. ಆದರೂ ನಾನು ಬದಲಿಸಲಿಲ್ಲ. ಹಿತ್ತಲಿನ ತಗ್ಗುದಿಣ್ಣೆಯಲ್ಲಿ ಬಳೆ ತಿರುಗಿದಷ್ಟು ಸಲೀಸಾಗಿ ಗುಂಡು ತಿರುಗುವುದಿಲ್ಲ. ಸುರಕ್ಷತೆಯ ಸರಪಳಿ ಮಾತ್ರ ಎರಡೂ ಹಾಕಲೇಬೇಕು, ಅಡ್ಡಡ್ಡ ಕತ್ತರಿಯಾಗಿ.

ದೀಪ ಮಿಲಿಟರಿಯ 24 ವೋಲ್ಟಿನದು, ನಮ್ಮ ಗಾಡಿಗಳು 12. ಹಳೆಯ ವೈರು ಪೂರ್ತಿ ಕಿತ್ತು ಎಲ್‌ಇಡಿ ದೀಪ ಹಾಕಿದೆ. ಬಣ್ಣ ಕೆರೆದು ಬರಿಯ ಉಕ್ಕಿಗೆ ಅರ್ಥಿಂಗ್ ಕೊಟ್ಟೆ. ಚಕ್ರದ ಬೋಲ್ಟು ಐದು, ಐದೂವರೆ ಇಂಚು ವ್ಯಾಸದ ಸುತ್ತಿನಲ್ಲಿ. ಸೈನ್ಯದ್ದಲ್ಲದ, ಜನಸಾಮಾನ್ಯರ ಹಳೆಯ ಸಿಜೆ ಜೀಪಿನದೇ ಅಳತೆ, ಆದ್ದರಿಂದ ಚಕ್ರ ಸುಲಭವಾಗಿ ಸಿಗುತ್ತವೆ. ಟೈರಿನ ಗೆರೆ ಚೆನ್ನಾಗಿದೆ ಎಂದು ಮೋಸ ಹೋಗಬೇಡಿ, ಬದಿಯಲ್ಲಿ ಬಿರುಕು ಇದೆಯೇ ನೋಡಿ. ವರ್ಷಕ್ಕೊಮ್ಮೆ ಬೇರಿಂಗ್ ಬಿಚ್ಚಿ ತೊಳೆದು ಹೊಸ ಗ್ರೀಸ್ ತುಂಬುತ್ತೇನೆ.

ಇದಕ್ಕೆ ಹಿಂಬಾಗಿಲು ಇಲ್ಲ. ಎಲ್ಲವನ್ನೂ ಎತ್ತಿ ಇಳಿಸಬೇಕು. ಕೆಲವರು ಹಿಂದುಗಡೆ ಕತ್ತರಿಸಿ ಬಾಗಿಲು ಮಾಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ತೊಟ್ಟಿಯ ಬಲ ಇರುವುದೇ ಸುತ್ತಲೂ ಒಂದಾಗಿ ಬೆಸೆದ ಗೋಡೆಯಲ್ಲಿ. ನಾನು ಮೊದಲು ಟಾರ್ಪಾಲು ಹಾಸಿ ಅದರ ಮೇಲೆ ಮಲ್ಚ್ ತುಂಬುತ್ತೇನೆ. ಮನೆಯಲ್ಲಿ ಅರ್ಧದಷ್ಟು ಸಲಿಕೆಯಲ್ಲಿ ತೆಗೆದು, ಉಳಿದದ್ದನ್ನು ಇಬ್ಬರು ಟಾರ್ಪಾಲಿನ ಮೂಲೆ ಹಿಡಿದು ಎಳೆದರೆ ಆಯಿತು. ಕನ್ನಡ ಸಂಘದ ಗಣೇಶ ಹಬ್ಬಕ್ಕೆ ದೊಡ್ಡ ಪಾತ್ರೆ, ಮಡಚುವ ಕುರ್ಚಿ ಒಯ್ಯಲು ಬಾಗಿಲಿಲ್ಲದ್ದೇ ಒಳ್ಳೆಯದಾಯಿತು, ಏನೂ ಜಾರಿ ಬೀಳುವುದಿಲ್ಲ.

ಇದಕ್ಕಿಂತ ದೊಡ್ಡದು ಬೇಕೆಂದರೆ ಮುಕ್ಕಾಲು ಟನ್ನಿನ ಎಂ101 ಇದೆ. ಆದರೆ ಅದು ಖಾಲಿಯೇ 1,340 ಪೌಂಡ್, ನನ್ನಂಥ ಸಣ್ಣ ಜೀಪಿಗೆ ಹೊಂದಲ್ಲ. ಪಿಕಪ್ ಇದ್ದವರು ನೋಡಬಹುದು. ಯಾವುದನ್ನೇ ಕೊಂಡರೂ ದುಡ್ಡು ಕೊಡುವ ಮುನ್ನ ಕಾಗದ ಕೇಳಿ. ಸರ್ಕಾರಿ ಹರಾಜಿನಲ್ಲಿ ನೇರವಾಗಿ ಕೊಂಡರೆ ಟೈಟಲ್ (ಮಾಲೀಕತ್ವದ ಪತ್ರ) ಮಾಡಿಸಲು ಎಸ್‌ಎಫ್ 97 ಎಂಬ ಪ್ರಮಾಣಪತ್ರ ಬೇಕು. ಖಾಸಗಿಯವರಿಂದಾದರೆ ಅವರ ಹೆಸರಿನ ಟೈಟಲ್ ಬೇಕು. ನೋಂದಣಿಯ ನಿಯಮ ಒಂದೊಂದು ರಾಜ್ಯಕ್ಕೆ ಒಂದೊಂದು ಥರ, ನಿಮ್ಮ ಊರಿನ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.