ನಡುಗುವ ಕೈಯಲ್ಲೂ ಬೆಸುಗೆ ಕೂರುತ್ತದೆ: ನಾನು ಸೋಲ್ಡರಿಂಗ್ ಕಲಿತ ಬಗೆ

ಎಲೆಕ್ಟ್ರಾನಿಕ್ಸ್ ಬೋರ್ಡಿಗೆ ಬಿಡಿಭಾಗಗಳನ್ನು (ಕಾಂಪೊನೆಂಟ್) ಕರಗಿದ ಲೋಹದಿಂದ ಬೆಸೆಯುವುದೇ ಸೋಲ್ಡರಿಂಗ್. ಅದನ್ನು ಕಲಿಯಬೇಕು ಅಂದರೆ ಕೈ ನಡುಗಬಾರದು, ಕಣ್ಣು ಚುರುಕಾಗಿರಬೇಕು ಅಂತ ಬಹಳ ಜನ ಹೇಳುತ್ತಾರೆ. ನನ್ನ ಕೈ ಮೊದಲೂ ನಡುಗುತ್ತಿತ್ತು, ಈಗಲೂ ಸ್ವಲ್ಪ ನಡುಗುತ್ತದೆ. ಆದರೂ ಬೆಸುಗೆ ಚೆನ್ನಾಗಿ ಕೂರುತ್ತದೆ. ಕೈ ಹಾಗೆಯೇ ಇದೆ. ಬದಲಾಗಿದ್ದು ಐರನ್ (ಬೆಸೆಯೋಕೆ ಕಾಯಿಸುವ ಉಪಕರಣ), ಅದರ ಟಿಪ್ (ಕಾಯುವ ತುದಿ), ಸೋಲ್ಡರ್ ವೈರ್ (ಕರಗಿಸಿ ಬೆಸೆಯುವ ಲೋಹದ ತಂತಿ), ಮತ್ತೆ ಬಿಸಿ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅನ್ನುವ ತಿಳಿವಳಿಕೆ. ಇಷ್ಟು ಸರಿಯಾದರೆ ಅಭ್ಯಾಸಕ್ಕೆ ಜಾಸ್ತಿ ಸಮಯ ಬೇಕಾಗುವುದಿಲ್ಲ.

ಮೊದಲು ಬೆಸುಗೆ ಹೇಗೆ ಹಿಡಿಯುತ್ತದೆ ನೋಡೋಣ. ಇದು ಅಂಟು ಹಚ್ಚಿದ ಹಾಗಲ್ಲ. ಕರಗಿದ ತವರ ತಾಮ್ರದ ಮೇಲೆ ಹರಡಿದಾಗ ಎರಡೂ ಸೇರಿ ನಡುವೆ ತೆಳ್ಳಗಿನ ಹೊಸ ಪದರ ಒಂದು ಹುಟ್ಟುತ್ತದೆ. ಹಿಡಿತ ಇರುವುದು ಅಲ್ಲೇ. ಆ ಪದರ ಹುಟ್ಟಬೇಕಾದರೆ ತಾಮ್ರವೂ ಕಾದಿರಬೇಕು, ಅದರ ಮೇಲೆ ಆಕ್ಸೈಡ್ (ಗಾಳಿ ತಾಗಿ ಕೂರುವ ಕಿಲುಬು) ಇರಬಾರದು. ತಣ್ಣಗಿರುವ ಅಥವಾ ಕೊಳಕಾದ ತಾಮ್ರದ ಮೇಲೆ ಸೋಲ್ಡರ್ ಬಿದ್ದರೆ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಉಂಡೆಯಾಗಿ ನಿಲ್ಲುತ್ತದೆ. ಮೇಲಿಂದ ನೋಡಿದರೆ ಹಿಡಿದಂತೆ ಕಾಣುತ್ತದೆ, ಒಳಗೆ ಹಿಡಿದಿರುವುದಿಲ್ಲ. ಡ್ರೈ ಸೋಲ್ಡರ್ ಅನ್ನುವುದು ಇದಕ್ಕೇ. ಬೋರ್ಡ್ ತಟ್ಟಿದಾಗ ಒಮ್ಮೆ ಕೆಲಸ ಮಾಡಿ, ಇನ್ನೊಮ್ಮೆ ಸುಮ್ಮನಾಗುವ ಸರ್ಕ್ಯೂಟ್‌ಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ.

ಆಕ್ಸೈಡ್ ತೆಗೆಯುವ ಕೆಲಸ ಫ್ಲಕ್ಸ್‌ನದು. ಎಲೆಕ್ಟ್ರಾನಿಕ್ಸ್‌ನ ಸೋಲ್ಡರ್ ವೈರ್ ಒಳಗೆ ಟೊಳ್ಳಾಗಿದ್ದು, ಅದರಲ್ಲಿ ಫ್ಲಕ್ಸ್ ತುಂಬಿರುತ್ತದೆ. ಹಳೆಯ ಪದ್ಧತಿಯ ಫ್ಲಕ್ಸ್ ಅಂದರೆ ರೋಸಿನ್, ಪೈನ್ ಮರದ ಅಂಟಿನಿಂದ ಮಾಡಿದ್ದು. ತಣ್ಣಗಿದ್ದಾಗ ಅದು ಸುಮ್ನೆ ಇರುತ್ತದೆ, ಕಾದಾಗ ಆಕ್ಸೈಡನ್ನು ತಿಂದುಹಾಕುತ್ತದೆ. ನಲ್ಲಿ ಪೈಪ್ ಬೆಸೆಯುವ ಆಸಿಡ್ ಫ್ಲಕ್ಸ್ ಬೇರೆಯದೇ ಜಾತಿ. ಅದನ್ನು ಬೋರ್ಡಿಗೆ ಹಚ್ಚಿದರೆ ಕೆಲಸ ಮುಗಿದ ಮೇಲೂ ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ಹತ್ತಿರಕ್ಕೂ ತರಬೇಡಿ.

ವೈರ್ ಆರಿಸುವಾಗ ನಾನು ನೋಡಿದ್ದು ಎರಡೇ: ಮಿಶ್ರಣ ಮತ್ತು ದಪ್ಪ. ಕಲಿಯುವಾಗ ಬಳಸಿದ್ದು 63/37, ಅಂದರೆ 63 ಭಾಗ ತವರ, 37 ಭಾಗ ಸೀಸ. ಇದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದೇ ಸಲ ಕರಗುತ್ತದೆ, ಅಲ್ಲೇ ಒಂದೇ ಸಲ ಗಟ್ಟಿಯಾಗುತ್ತದೆ. 60/40ರಲ್ಲಿ ಅರ್ಧ ಕರಗಿ ಅರ್ಧ ಗಟ್ಟಿಯಾಗಿ ಇರುವ ಕ್ಷಣವೊಂದಿದೆ. ಆಗ ಕಾಂಪೊನೆಂಟ್ ಅಲುಗಿದರೆ ಬೆಸುಗೆ ಒಳಗೇ ಬಿರುಕು ಬಿಡಬಹುದು. ನಡುಗುವ ಕೈಗೆ 63/37 ದೊಡ್ಡ ಉಪಕಾರ. ದಪ್ಪ 0.8 ಮಿಲಿಮೀಟರ್ ಇದ್ದರೆ ಸಾಮಾನ್ಯ ಕಾಲುಗಳಿರುವ ಕಾಂಪೊನೆಂಟ್‌ಗಳಿಗೆ ಸಾಕು. ಸಣ್ಣ ಕೆಲಸಕ್ಕೆ 0.5 ಇಟ್ಟುಕೊಂಡಿದ್ದೇನೆ. ಇನ್ನೂ ದಪ್ಪದ್ದಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಪ್ಯಾಡ್ (ಬೋರ್ಡಿನ ಮೇಲೆ ಬೆಸುಗೆ ಕೂರುವ ತಾಮ್ರದ ಜಾಗ) ತುಂಬಿ ಪಕ್ಕದ ಪ್ಯಾಡಿಗೂ ಹರಿಯುತ್ತದೆ.

ಸೀಸ ಇಲ್ಲದ ಸೋಲ್ಡರ್ ಕೂಡ ಇದೆ. ಯುರೋಪಿಯನ್ ಒಕ್ಕೂಟ 2006ರ ಜುಲೈ 1ರಿಂದ ಹೆಚ್ಚಿನ ಎಲೆಕ್ಟ್ರಾನಿಕ್ ಸರಕುಗಳಲ್ಲಿ ಸೀಸಕ್ಕೆ ಕಡಿವಾಣ ಹಾಕಿದ ಮೇಲೆ ಕಾರ್ಖಾನೆಗಳು ಇದಕ್ಕೆ ಬಂದವು. ತವರ, ಬೆಳ್ಳಿ, ತಾಮ್ರ ಸೇರಿದ ಮಿಶ್ರಣ ಕರಗೋಕೆ 217 ಡಿಗ್ರಿ ದಾಟಬೇಕು. ತವರ ಮತ್ತು ತಾಮ್ರ ಮಾತ್ರ ಇದ್ದರೆ 227. ಹರಡುವುದೂ ಸ್ವಲ್ಪ ನಿಧಾನ, ಆರಿದ ಮೇಲೆ ಮಂಕಾಗಿ ಕಾಣುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಕಷ್ಟ ಪಟ್ಟುಕೊಂಡು ಇದನ್ನೇ ಬಳಸಿ ಅನ್ನುತ್ತೇನೆ. ಸೀಸ ಹೊಗೆಯಾಗಿ ಮೂಗಿಗೆ ಬರುತ್ತದೆ ಅಂತ ಭಯಪಡುವವರಿದ್ದಾರೆ. ಐರನ್‌ನ ಬಿಸಿಗೆ ಸೀಸ ಲೆಕ್ಕಕ್ಕೆ ಸಿಗುವಷ್ಟು ಆವಿಯಾಗುವುದಿಲ್ಲ, ಅದರ ಕುದಿಯುವ ಬಿಂದು 1,700 ಡಿಗ್ರಿಗೂ ಮೇಲೆ. ಅಪಾಯ ಇರುವುದು ಕೈಗೆ ಅಂಟಿದ ಸೀಸ ಬಾಯಿಗೆ ಹೋಗುವುದರಲ್ಲಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಆ ಮೇಜಿನ ಮೇಲೆ ಊಟ ತಿಂಡಿ ಇಡಬಾರದು. ವೈರನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವ ಅಭ್ಯಾಸ ಕೆಲವರಿಗಿದೆ, ಅದಂತೂ ಬೇಡವೇ ಬೇಡ. ಕಾಣುವ ಹೊಗೆ ಫ್ಲಕ್ಸ್‌ನದು. ಅದೂ ಒಳ್ಳೆಯದಲ್ಲ, ದಿನಾ ಕುಡಿದರೆ ಆಸ್ತಮಾ ತರಿಸಬಲ್ಲದು. ನಾನು ಒಂದು ಸಣ್ಣ ಫ್ಯಾನನ್ನು ಹೊಗೆ ನನ್ನ ಕಡೆಯಿಂದ ಕಿಟಕಿಯ ಕಡೆಗೆ ಎಳೆಯುವ ಹಾಗೆ ತಿರುಗಿಸಿ ಇಡುತ್ತೇನೆ.

ಇನ್ನು ಐರನ್. ಪ್ಲಗ್ಗಿಗೆ ಸಿಕ್ಕಿಸಿದರೆ ಕಾಯುತ್ತಲೇ ಹೋಗುವ 25 ವ್ಯಾಟ್‌ನ ಸಾದಾ ಐರನ್‌ನಿಂದಲೇ ಹೆಚ್ಚಿನವರ ಕಲಿಕೆ ಶುರುವಾಗುತ್ತದೆ, ನನ್ನದೂ ಹಾಗೆಯೇ. ಅದರಲ್ಲಿ ಬೆಸೆಯೋಕೆ ಆಗಲ್ಲ ಅಂತಲ್ಲ. ಆದರೆ ಸುಮ್ನೆ ಸ್ಟ್ಯಾಂಡಿನಲ್ಲಿ ಕೂತಾಗ ಅತಿಯಾಗಿ ಕಾಯುತ್ತದೆ, ದೊಡ್ಡ ಪ್ಯಾಡಿಗೆ ಮುಟ್ಟಿಸಿದ ಕೂಡಲೇ ತಣ್ಣಗಾಗುತ್ತದೆ. ಬೇಡದಾಗ ಜಾಸ್ತಿ, ಬೇಕಾದಾಗ ಕಡಿಮೆ. ಇಲ್ಲಿ ವ್ಯಾಟ್ ಮತ್ತು ಡಿಗ್ರಿ ಎರಡನ್ನೂ ಬೇರೆ ಮಾಡಿ ನೋಡಬೇಕು. ಟಿಪ್ ಎಷ್ಟು ಕಾದಿದೆ ಅನ್ನುವುದು ಡಿಗ್ರಿ. ಕೆಲಸಕ್ಕೆ ಕೊಟ್ಟ ಬಿಸಿಯನ್ನು ಎಷ್ಟು ಬೇಗ ಮತ್ತೆ ತುಂಬಿಕೊಳ್ಳುತ್ತದೆ ಅನ್ನುವುದು ವ್ಯಾಟ್. ಬಿಸಿ ಹಿಡಿತದಲ್ಲಿಡುವ 60–70 ವ್ಯಾಟ್‌ನ ಐರನ್, ಏನೂ ಹಿಡಿತವಿಲ್ಲದ 25 ವ್ಯಾಟ್‌ನದಕ್ಕಿಂತ ಬೋರ್ಡಿಗೆ ಸುರಕ್ಷಿತ. ಕೇಳೋಕೆ ಉಲ್ಟಾ ಅನ್ನಿಸುತ್ತದೆ, ಅಲ್ವಾ?

ಬಿಸಿ ಹಿಡಿತದಲ್ಲಿಡುವುದು ಹೊಸ ವಿದ್ಯೆಯೇನಲ್ಲ. ವೆಲ್ಲರ್ ಕಂಪನಿಯ ಮ್ಯಾಗ್ನಾಸ್ಟ್ಯಾಟ್ ಐರನ್‌ಗಳಲ್ಲಿ ಟಿಪ್‌ನ ಹಿಂದೆ ಒಂದು ವಿಶೇಷ ಲೋಹದ ತುಂಡು ಇರುತ್ತದೆ. ಗೊತ್ತಾದ ಬಿಸಿ ಮುಟ್ಟಿದೊಡನೆ ಆ ತುಂಡು ತನ್ನ ಅಯಸ್ಕಾಂತ ಗುಣ ಕಳೆದುಕೊಳ್ಳುತ್ತದೆ, ಒಳಗಿನ ಸ್ವಿಚ್ ಆರುತ್ತದೆ. ತಣ್ಣಗಾದರೆ ಮತ್ತೆ ಹತ್ತುತ್ತದೆ. ಚಿಪ್ ಇಲ್ಲ, ಪ್ರೋಗ್ರಾಂ ಇಲ್ಲ. ನನಗೆ ಇದು ಬಹಳ ಇಷ್ಟವಾದ ಉಪಾಯ.

ಈಗ ಸಿಗುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಹೀಟರ್ ಬೇರೆ, ಅದರ ಮೇಲೆ ಟೋಪಿಯ ಹಾಗೆ ಕೂರುವ ಟಿಪ್ ಬೇರೆ. ಹಕ್ಕೋ 936 ಮತ್ತು ಅದರ ನಕಲುಗಳು ಈ ಬಗೆಯವು. ಇನ್ನೊಂದರಲ್ಲಿ ಹೀಟರ್, ಬಿಸಿ ಅಳೆಯುವ ಸೆನ್ಸರ್, ಟಿಪ್ ಮೂರೂ ಒಂದೇ ಕಾರ್ಟ್ರಿಜ್‌ನಲ್ಲಿ ಇರುತ್ತವೆ. ಟಿ12 ಅನ್ನುವುದು ಈ ಬಗೆ. ಪೈನ್‌ಸಿಲ್, ಟಿಎಸ್100ನಂಥ ಪೆನ್ನಿನಾಕಾರದ ಐರನ್‌ಗಳೂ ಹೀಗೆಯೇ. ಪೈನ್‌ಸಿಲ್ ಆದರೆ ಲ್ಯಾಪ್‌ಟಾಪ್‌ನ ಯುಎಸ್‌ಬಿ-ಸಿ ಚಾರ್ಜರ್‌ನಲ್ಲೇ ನಡೆಯುತ್ತದೆ. ಸೆನ್ಸರ್ ಟಿಪ್‌ನ ತುದಿಗೆ ಹತ್ತಿರ ಇರುವುದರಿಂದ ಬಿಸಿ ಇಳಿದದ್ದು ತಕ್ಷಣ ಗೊತ್ತಾಗುತ್ತದೆ, ತಕ್ಷಣ ತುಂಬುತ್ತದೆ. ನಾನು ಆರಿಸಿದ್ದು ಟಿ12. ಹಿಡಿಕೆಯಿಂದ ಟಿಪ್ ತುದಿಗೆ ದೂರ ಕಡಿಮೆ, ಅದರಿಂದ ಕೈ ನಡುಕವೂ ತುದಿಯಲ್ಲಿ ಕಡಿಮೆ ಕಾಣುತ್ತದೆ.

ಐರನ್‌ಗಿಂತ ಜಾಸ್ತಿ ಯೋಚಿಸಬೇಕಾದ್ದು ಟಿಪ್ ಬಗ್ಗೆ. ಬಹುತೇಕ ಐರನ್‌ಗಳ ಜೊತೆ ಬರುವುದು ಸೂಜಿಯಂಥ ಚೂಪಾದ ಟಿಪ್. ಸಣ್ಣ ಕೆಲಸಕ್ಕೆ ಚೂಪಾದ್ದು ಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ಆದರೆ ಚೂಪು ತುದಿ ಪ್ಯಾಡನ್ನು ಮುಟ್ಟುವುದು ಒಂದು ಚುಕ್ಕೆಯಲ್ಲಿ, ಬಿಸಿ ದಾಟೋಕೆ ಅಲ್ಲಿ ಜಾಗವೇ ಇಲ್ಲ. ಸೋಲ್ಡರ್ ಕೂಡ ತುದಿಯಲ್ಲಿ ನಿಲ್ಲದೆ ಹಿಂದಕ್ಕೆ ಏರುತ್ತದೆ. ಉಳಿಯಂಥ ಚಪ್ಪಟೆ ಟಿಪ್, ಅಗಲ ಸುಮಾರು 2.4 ಮಿಲಿಮೀಟರ್, ನನ್ನ ಮುಕ್ಕಾಲು ಪಾಲು ಕೆಲಸ ಮಾಡಿಕೊಡುತ್ತದೆ. ಚಪ್ಪಟೆ ಮುಖವನ್ನು ಪ್ಯಾಡಿಗೆ ಒರಗಿಸಿದರೆ ಬಿಸಿ ಧಾರಾಳವಾಗಿ ಹೋಗುತ್ತದೆ, ಅಂಚನ್ನು ತಿರುಗಿಸಿದರೆ ಸಣ್ಣ ಜಾಗಕ್ಕೂ ಇಳಿಯುತ್ತದೆ. ಹೊಸಬರಿಗೆ ಒಂದೇ ಮಾತು ಹೇಳು ಅಂದರೆ ನಾನು ಇದನ್ನೇ ಹೇಳುತ್ತೇನೆ: ಸೂಜಿ ಟಿಪ್ ತೆಗೆದಿಡಿ.

ಟಿಪ್ ಒಳಗೆ ತಾಮ್ರ, ಮೇಲೆ ತೆಳ್ಳಗೆ ಕಬ್ಬಿಣದ ಲೇಪ. ಆ ಲೇಪ ಹೋದರೆ ಕರಗಿದ ತವರ ಒಳಗಿನ ತಾಮ್ರವನ್ನು ತಿಂದು ಗುಳಿ ಮಾಡುತ್ತದೆ. ಅದಕ್ಕೇ ಕಪ್ಪಾದ ಟಿಪ್ಪನ್ನು ಅರದಿಂದಾಗಲಿ ಮರಳು ಕಾಗದದಿಂದಾಗಲಿ ಉಜ್ಜಬಾರದು. ಹಿತ್ತಾಳೆ ನಾರಿನ ಉಂಡೆಗೆ ಎರಡು ಸಲ ಚುಚ್ಚಿ ತೆಗೆದರೆ ಸಾಕು. ಒದ್ದೆ ಸ್ಪಂಜೂ ಆಗುತ್ತದೆ, ಆದರೆ ಒರೆಸಿದಾಗೆಲ್ಲ ಟಿಪ್ ತಣ್ಣಗಾಗುತ್ತದೆ. ಕೆಲಸ ಮುಗಿದು ಸ್ವಿಚ್ ಆರಿಸುವ ಮುಂಚೆ ತುದಿಗೆ ಧಾರಾಳವಾಗಿ ಸೋಲ್ಡರ್ ಮೆತ್ತಿ, ಒರೆಸದೆ ಹಾಗೇ ಬಿಡುತ್ತೇನೆ. ಗಾಳಿ ತಾಗುವುದು ಸೋಲ್ಡರಿಗೆ, ಟಿಪ್ಪಿಗಲ್ಲ.

ಅಭ್ಯಾಸಕ್ಕೆ ತೂತುಗಳಿರುವ ಖಾಲಿ ಬೋರ್ಡ್ ಮತ್ತು ಒಂದಷ್ಟು ರೆಸಿಸ್ಟರ್ ಸಾಕಾದವು. ತೂತಿಂದ ತೂತಿಗೆ 2.54 ಮಿಲಿಮೀಟರ್, ಐಸಿ (ಚಿಪ್) ಕಾಲುಗಳ ಅಂತರವೂ ಸಾಮಾನ್ಯವಾಗಿ ಅಷ್ಟೇ. ಸೀಸದ ಸೋಲ್ಡರಿಗೆ 330 ಡಿಗ್ರಿಯ ಆಸುಪಾಸು ಇಡುತ್ತೇನೆ, ಸೀಸ ಇಲ್ಲದ್ದಕ್ಕೆ 360. ಟಿಪ್ ಒರೆಸಿ, ತುದಿಗೆ ಚೂರೇ ಚೂರು ಹೊಸ ಸೋಲ್ಡರ್ ತಾಗಿಸಿಕೊಳ್ಳುತ್ತೇನೆ. ಈ ಹನಿಯೇ ಬಿಸಿಗೆ ದಾರಿ, ಲೋಹಕ್ಕೆ ಲೋಹ ಒಣಗಿ ತಾಗಿದರೆ ಬಿಸಿ ದಾಟುವುದು ನಿಧಾನ. ಆಮೇಲೆ ಟಿಪ್ ಪ್ಯಾಡಿಗೂ ಕಾಲಿಗೂ ಒಟ್ಟಿಗೆ ತಾಗುವ ಹಾಗೆ ಒರಗಿಸಿ, ಒಂದು ಸೆಕೆಂಡ್ ಬಿಟ್ಟು ವೈರನ್ನು ಎದುರು ಬದಿಯಿಂದ ಕೊಡುತ್ತೇನೆ. ವೈರನ್ನು ಟಿಪ್ಪಿಗೆ ತಾಗಿಸುವುದಿಲ್ಲ. ಕಾಲಿಗೆ ತಾಗಿ ಅದು ಕರಗಿತು ಅಂದರೆ ಕೆಲಸ ಕಾದಿದೆ ಅಂತ ಅರ್ಥ. ತುಂಬಿದೊಡನೆ ಮೊದಲು ವೈರ್, ಆಮೇಲೆ ಐರನ್ ಹಿಂದಕ್ಕೆ. ಎಲ್ಲ ಸೇರಿ ಎರಡು ಮೂರು ಸೆಕೆಂಡ್. ಊದಿ ಆರಿಸುವ ಗೋಜಿಗೆ ಹೋಗಬೇಡಿ, ಅಲುಗಿಸದೆ ಬಿಟ್ಟರೆ ತಾನೇ ಆರುತ್ತದೆ.

ಸರಿಯಾದ ಬೆಸುಗೆ ಪ್ಯಾಡಿನ ಅಂಚಿನಿಂದ ಒಳಕ್ಕೆ ಬಾಗುತ್ತಾ ಕಾಲಿನ ಕಡೆಗೆ ಏರಿರುತ್ತದೆ. ಒಳಗಿನ ಕಾಲಿನ ಆಕಾರ ಗುರುತು ಸಿಗಬೇಕು. ಉಬ್ಬಿದ ಉಂಡೆಯಾದರೆ ಸೋಲ್ಡರ್ ಜಾಸ್ತಿ, ಇಲ್ಲವೇ ಕೆಳಗೆ ಹಿಡಿದಿಲ್ಲ.

ಗ್ರೌಂಡ್ ಪಿನ್‌ಗಳು (ಸರ್ಕ್ಯೂಟಿನ ಸೊನ್ನೆ ವೋಲ್ಟ್‌ಗೆ ಸೇರುವ ಕಾಲುಗಳು) ಮಾತ್ರ ಬೇರೆ ಕಥೆ. ಅವುಗಳ ಹಿಂದೆ ಬೋರ್ಡಿನ ಅಗಲಕ್ಕೂ ತಾಮ್ರ ಹಾಸಿರುತ್ತದೆ, ಕೊಟ್ಟ ಬಿಸಿಯನ್ನೆಲ್ಲ ಅದು ಎಳೆದುಕೊಳ್ಳುತ್ತದೆ. ಆಗ 400, 450 ಅಂತ ಏರಿಸುವ ಮನಸ್ಸಾಗುತ್ತದೆ. ಏರಿಸಿದರೆ ಫ್ಲಕ್ಸ್ ಕೆಲಸ ಮಾಡುವ ಮುಂಚೆ ಸುಟ್ಟುಹೋಗುತ್ತದೆ, ಪ್ಯಾಡ್ ಬೋರ್ಡಿನಿಂದ ಎದ್ದು ಬರಬಹುದು. ನಾನು ಮೊದಲು ದಪ್ಪ ಟಿಪ್ ಹಾಕಿ ನೋಡುತ್ತೇನೆ. ಅದೇ 330 ಡಿಗ್ರಿಯ ಆಸುಪಾಸಿನಲ್ಲಿ ಕೆಲಸ ಆಗಿಬಿಡುತ್ತದೆ.

ವೈರ್‌ಗೆ ವೈರ್ ಜೋಡಿಸುವಾಗ ಮೊದಲು ಹೀಟ್‌ಶ್ರಿಂಕ್ ಟ್ಯೂಬ್ (ಕಾಯಿಸಿದರೆ ಕುಗ್ಗಿ ಜೋಡಣೆಯನ್ನು ಮುಚ್ಚುವ ಕೊಳವೆ) ತೂರಿಸಿ ದೂರ ಸರಿಸಿಡಬೇಕು. ಪಿವಿಸಿ ಹೊದಿಕೆ ಬಿಸಿಗೆ ಕುಗ್ಗುತ್ತದೆ, ಸಿಲಿಕೋನ್ ಹೊದಿಕೆ ತಡೆಯುತ್ತದೆ. ಇನ್ನೊಂದು ವಿಷಯ: ಸ್ಕ್ರೂ ಹಾಕಿ ಬಿಗಿಯುವ ಟರ್ಮಿನಲ್‌ಗೆ ಹೋಗುವ ಹಲವು ಎಳೆಗಳ ವೈರ್‌ಗೆ ಸೋಲ್ಡರ್ ಹಚ್ಚಬಾರದು. ಒತ್ತಡಕ್ಕೆ ಸೋಲ್ಡರ್ ನಿಧಾನವಾಗಿ ಹರಡುತ್ತಾ ಹೋಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ, ಅಲ್ಲಿ ಬಿಸಿ ಹುಟ್ಟುತ್ತದೆ.

ಕಿತ್ತು ತೆಗೆಯೋಕೆ ಸಕ್ಕರ್ (ಕರಗಿದ ಸೋಲ್ಡರ್ ಎಳೆದುಕೊಳ್ಳುವ ಪಂಪ್), ವಿಕ್ (ಅದನ್ನು ಹೀರಿಕೊಳ್ಳುವ ಬತ್ತಿ) ಎರಡೂ ಇಟ್ಟುಕೊಂಡಿದ್ದೇನೆ. ತೂತಿನೊಳಗಿನದಕ್ಕೆ ಸಕ್ಕರ್, ಪ್ಯಾಡ್ ಮೇಲಿನದಕ್ಕೆ ತಾಮ್ರದ ಹೆಣಿಗೆಯ ವಿಕ್. ಎರಡಕ್ಕೂ ಮುಂಚೆ ಹಳೆಯ ಬೆಸುಗೆಗೆ ಹೊಸ ಸೋಲ್ಡರ್ ಸೇರಿಸಬೇಕು. ತೆಗೆಯೋಕೆ ಹೊರಟು ಸೇರಿಸುವುದೇನು ಅನ್ನಿಸಬಹುದು. ಹೊಸದರ ಫ್ಲಕ್ಸ್ ಬಂದು ಹಳೆಯದು ಸಲೀಸಾಗಿ ಹರಿಯುತ್ತದೆ. ಕೆಟ್ಟ ಬೋರ್ಡ್‌ಗಳಿಂದ ಕಾಂಪೊನೆಂಟ್ ಕೀಳುವುದು ಒಳ್ಳೆಯ ಅಭ್ಯಾಸ. ಆದರೆ ಪವರ್ ಸಪ್ಲೈ ಬೋರ್ಡ್‌ಗಳನ್ನು ಹೊಸಬರು ಬಿಡುವುದೇ ಒಳ್ಳೆಯದು. ಅವುಗಳ ದೊಡ್ಡ ಕೆಪಾಸಿಟರ್‌ನಲ್ಲಿ ಪ್ಲಗ್ ತೆಗೆದ ಮೇಲೂ 300 ವೋಲ್ಟ್‌ಗೂ ಮೇಲೆ ಉಳಿದಿರಬಹುದು.

ಇಕ್ಕಳ, ಕಾಲು ಕತ್ತರಿಸುವ ಫ್ಲಶ್ ಕಟರ್, ಚಿಮಟ, ಬೀಪ್ ಸದ್ದು ಬರುವ ಮಲ್ಟಿಮೀಟರ್: ಇವು ಸಾಧಾರಣದ್ದಾದರೂ ನಡೆಯುತ್ತದೆ. ಕತ್ತರಿಸಿದ ಕಾಲುಗಳು ಮುಖದ ಕಡೆಗೇ ಹಾರುತ್ತವೆ, ಕನ್ನಡಕ ಹಾಕಿಕೊಳ್ಳಿ. ಸಿರಿಂಜಿನಲ್ಲಿ ಬರುವ ಜೆಲ್ ಫ್ಲಕ್ಸ್ ಮಾತ್ರ ಒಳ್ಳೆಯದನ್ನೇ ತನ್ನಿ.

ಆ ಜೆಲ್ ಫ್ಲಕ್ಸ್ ಕೈಗೆ ಬಂದ ಮೇಲೆ ಎಸ್‌ಎಂಡಿ (ತೂತಿಲ್ಲದೆ ಬೋರ್ಡಿನ ಮೇಲೇ ಕೂರುವ ಸಣ್ಣ ಕಾಂಪೊನೆಂಟ್) ಭಯವೂ ಹೋಯಿತು. 1206 ಅಳತೆಯ ರೆಸಿಸ್ಟರ್ 3.2 ಮಿಲಿಮೀಟರ್ ಉದ್ದ, ಅಲ್ಲಿಂದ ಶುರು ಮಾಡಿ 0805ಕ್ಕೆ ಇಳಿದೆ. ಐಸಿ ಆದರೆ ಮೊದಲು ಮೂಲೆಯ ಒಂದು ಕಾಲನ್ನು ಮಾತ್ರ ಹಿಡಿಸಿ, ಸಾಲು ನೇರ ಇದೆಯಾ ನೋಡಿ, ಎದುರು ಮೂಲೆ ಹಿಡಿಸುತ್ತೇನೆ. ಸಾಲಿಗೆಲ್ಲ ಫ್ಲಕ್ಸ್ ಬಳಿದು, ಸೋಲ್ಡರ್ ತುಂಬಿದ ಟಿಪ್ಪನ್ನು ಕಾಲುಗಳ ಮೇಲೆ ನಿಧಾನವಾಗಿ ಎಳೆದರೆ ಪ್ರತಿ ಕಾಲಿಗೂ ಬೇಕಾದಷ್ಟೇ ಅಂಟುತ್ತದೆ. ಎಲ್ಲೋ ಎರಡು ಕಾಲು ಸೇರಿಕೊಂಡರೆ ಇನ್ನಷ್ಟು ಫ್ಲಕ್ಸ್, ಒರೆಸಿದ ಟಿಪ್, ಇನ್ನೊಮ್ಮೆ ಎಳೆ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್ಷಿನಿಂದ ತೊಳೆಯುತ್ತೇನೆ. ಹಾಟ್ ಏರ್ ಸ್ಟೇಷನ್ (ಬಿಸಿ ಗಾಳಿ ಊದಿ ಸೋಲ್ಡರ್ ಕರಗಿಸುವ ಉಪಕರಣ) ನನ್ನ ಮೇಜಿನ ಮೇಲೆ ಇನ್ನೂ ಇಲ್ಲ. ಹೊಟ್ಟೆಯ ಕೆಳಗೆ ಪ್ಯಾಡ್ ಇರುವ ಚಿಪ್‌ಗಳನ್ನು ನನ್ನ ಸರ್ಕ್ಯೂಟ್‌ಗಳಲ್ಲಿ ಬಳಸುವವರೆಗೆ ಅದರ ಅಗತ್ಯವೂ ಇಲ್ಲ.