ರೋಮನ್ ಮಾದರಿಯ ಉಂಗುರ ಮಾಡಿಸುವವರಿಗೆ: ಕಾಲ, ಭಾಗಗಳ ಹೆಸರು, ಅಳತೆ

ಮ್ಯೂಸಿಯಂ ಉಂಗುರದ ಫೋಟೋ ಮೊಬೈಲಿನಲ್ಲಿ ತೋರಿಸಿ "ಇಂಥದ್ದೇ ಬೇಕು" ಅಂದರೆ ದಾವಣಗೆರೆಯಲ್ಲಿ ಮಾಡಿಕೊಡುವ ಅಕ್ಕಸಾಲಿಗರು ಇದ್ದಾರೆ. ನೋಡಲು ಅದೇ ಥರ ಬರುತ್ತದೆ, ಬೆರಳಿಗೆ ಮಾತ್ರ ಕೂರುವುದಿಲ್ಲ. ಅದಕ್ಕೇ ಹೋಗುವ ಮೊದಲು ಇಷ್ಟು ತಿಳಿದುಕೊಳ್ಳಿ.

ಮೊದಲು ಯಾವ ಕಾಲದ್ದು ಬೇಕು ಅಂತ ಗೊತ್ತು ಮಾಡಿಕೊಳ್ಳಿ. ರೋಮನ್ನರಿಗೆ ಉಂಗುರದ ರೂಢಿ ಬಂದದ್ದು ಗ್ರೀಕರು, ಎಟ್ರುಸ್ಕನ್ನರ (ಇಟಲಿಯ ಹಳೇ ಜನಾಂಗ) ಕಡೆಯಿಂದ. ಶುರುವಿನಲ್ಲಿ ಹಾಕುತ್ತಿದ್ದದ್ದು ಕಬ್ಬಿಣದ್ದು. ಚಿನ್ನದ ಉಂಗುರ ಅಂತಸ್ತಿನ ಗುರುತು, ಕಂಡಕಂಡವರು ಹಾಕುವಂತಿರಲಿಲ್ಲ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕಿದೆಯಲ್ಲ, ಅವನ ಕಾಲದಲ್ಲೇ, ಕ್ರಿ.ಶ. 23ರಲ್ಲಿ, ಕಟ್ಟುನಿಟ್ಟಿನ ನಿಯಮ ಬಂತು: ತಾನು, ಅಪ್ಪ, ಅಜ್ಜ ಮೂವರೂ ಹುಟ್ಟಿನಿಂದ ಸ್ವತಂತ್ರರಾಗಿರಬೇಕು, ಜೊತೆಗೆ 4 ಲಕ್ಷ ಸೆಸ್ಟರ್ಸ್ (ರೋಮನ್ ನಾಣ್ಯ) ಆಸ್ತಿ ಇರಬೇಕು. ಮುಂದೆ ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿ ಸೈನಿಕರಿಗೂ ಚಿನ್ನದ ಉಂಗುರ ಹಾಕಲು ಬಿಟ್ಟ. ನಿಶ್ಚಿತಾರ್ಥಕ್ಕೆ ಹುಡುಗಿಗೆ ಕಳಿಸುತ್ತಿದ್ದ ಉಂಗುರ ಕೂಡ ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿಯ ಕಾಲದಲ್ಲಿ ಹರಳಿಲ್ಲದ ಕಬ್ಬಿಣದ್ದು. ಈಗ ಹಾಗೆ ಕಳಿಸಿ ನೋಡಿ! ನನ್ನ ಕೇಳಿದರೆ ಬೆಳ್ಳಿಯಲ್ಲಿ ಮಾಡಿಸಿ ಆಕ್ಸಿಡೈಸ್ ಮಾಡಿಸಿ. ಕಬ್ಬಿಣ ಬೆವರಿಗೆ ತುಕ್ಕು ಹಿಡಿಯುತ್ತದೆ.

ಫೋಟೋ ಕೆಳಗಿನ ವಿವರ ಓದಲು ನಾಲ್ಕು ಪದ ಸಾಕು. ಬೆರಳು ಸುತ್ತುವ ಬಳೆ ಶ್ಯಾಂಕ್. ಮೇಲೆ ಹರಳು ಅಥವಾ ಚಿತ್ರ ಇರುವ ಜಾಗ ಬೆಜೆಲ್. ಇವೆರಡೂ ಸೇರುವ ಕಡೆ ದಪ್ಪಗಾಗುವ ಭಾಗ ಶೋಲ್ಡರ್. ಹರಳಿನೊಳಗೆ ತಗ್ಗಾಗಿ ಕೊರೆದ ಚಿತ್ರ ಇಂಟಾಗ್ಲಿಯೊ. ಇದು ಸುಮ್ನೆ ಅಂದಕ್ಕಲ್ಲ, ಮುದ್ರೆ ಒತ್ತಲಿಕ್ಕೆ. ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್ ಮೊದಲು ಸ್ಫಿಂಕ್ಸ್ (ಸಿಂಹದ ಮೈ, ಮನುಷ್ಯನ ಮುಖದ ಪ್ರಾಣಿ), ಆಮೇಲೆ ಅಲೆಕ್ಸಾಂಡರನ ಮುಖ, ಕೊನೆಗೆ ತನ್ನದೇ ಮುಖ ಕೊರೆಸಿದ್ದ ಮುದ್ರೆ ಬಳಸಿದ. ಕೆಂಪು ಕಾರ್ನೇಲಿಯನ್ ಹರಳು ಈ ಕೆಲಸಕ್ಕೆ ಒಳ್ಳೆಯದು, ಮೇಣ ಅಂಟಿಕೊಳ್ಳುವುದಿಲ್ಲ. ಹೆಸರಿನ ಅಕ್ಷರ ಕೊರೆಸುವುದಾದರೆ ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಕೊರೆಯಲು ಹೇಳಿ, ಇಲ್ಲದಿದ್ದರೆ ಒತ್ತಿದಾಗ ಉಲ್ಟಾ ಬರುತ್ತದೆ. ಹರಳಿಗೆ ಕೊಕ್ಕೆ ಬೇಡ. ಸುತ್ತಲಿನ ಅಂಚನ್ನೇ ಹರಳಿನ ಮೇಲೆ ಒತ್ತಿ ಕೂರಿಸಬೇಕು.

ಇನ್ನು ಅಳತೆ. ಜಾಸ್ತಿ ಎಡವಟ್ಟು ಆಗುವುದು ಇಲ್ಲೇ. ನಮ್ಮ ಅಂಗಡಿಗಳ ನಂಬರಿನ ಲೆಕ್ಕ ಸುಲಭ: ಉಂಗುರದ ಒಳಸುತ್ತಳತೆ ಎಷ್ಟು ಮಿಲಿಮೀಟರ್ ಇದೆಯೋ ಅದರಲ್ಲಿ 40 ಕಳೆಯಿರಿ. 54 ಮಿ.ಮೀ. ಇದ್ದರೆ 14ನೇ ನಂಬರ್. ಆದರೆ ಮ್ಯೂಸಿಯಂ ವಿವರದಲ್ಲಿ ಬಹಳ ಸಲ ಹೊರಗಿನ ವ್ಯಾಸ ಕೊಟ್ಟಿರುತ್ತಾರೆ. ಅದರಲ್ಲಿ ಬಳೆಯ ದಪ್ಪವನ್ನು ಎರಡು ಸಲ ಕಳೆಯಬೇಕು. ಹೊರಗೆ 22 ಮಿ.ಮೀ., ದಪ್ಪ 2 ಆದರೆ ಒಳಗಿನ ವ್ಯಾಸ 18 ಮಾತ್ರ. ಅದನ್ನು 3.14ರಿಂದ ಗುಣಿಸಿದರೆ ಒಳಸುತ್ತಳತೆ ಸಿಗುತ್ತದೆ. ಮತ್ತೊಂದು ತೊಡಕು, ಎಷ್ಟೋ ರೋಮನ್ ಉಂಗುರಗಳ ಒಳಗು ದುಂಡಗಿರುವುದಿಲ್ಲ, ಮೊಟ್ಟೆಯ ಹಾಗೆ ಉದ್ದುದ್ದ. ಅಗಲ 19, ಎತ್ತರ 16 ಇದ್ದರೆ ಸರಾಸರಿ 17.5, ಅದನ್ನು 3.14ರಿಂದ ಗುಣಿಸಿದರೆ ಸುಮಾರು 55, ಅಂದರೆ 15ನೇ ನಂಬರ್.

ತೀರಾ ಚಿಕ್ಕ ಉಂಗುರ ಕಂಡರೆ ಮಕ್ಕಳದ್ದೇ ಅಂದುಕೊಳ್ಳಬೇಡಿ. ರೋಮನ್ನರು ಬೆರಳಿನ ಮೇಲಿನ ಗೆಣ್ಣಿಗೂ ಉಂಗುರ ಹಾಕುತ್ತಿದ್ದರು, ಕಿರುಬೆರಳಿಗೂ ಹಾಕುತ್ತಿದ್ದರು. ಪ್ಲಿನಿ ಪ್ರಕಾರ ಖಾಲಿ ಬಿಡುತ್ತಿದ್ದದ್ದು ನಡುಬೆರಳು ಮಾತ್ರ.

ನಿಮ್ಮ ಬೆರಳನ್ನು ಸಂಜೆ ಅಳೆಯಿರಿ. ದಾವಣಗೆರೆ ಬಿಸಿಲಿಗೆ ಬೆರಳು ಊದಿಕೊಳ್ಳುತ್ತವೆ, ಬೆಳಗಿನ ಅಳತೆ ನಂಬಿದರೆ ಮಧ್ಯಾಹ್ನ ಬಿಗಿಯಾಗುತ್ತದೆ. ಗೆಣ್ಣಿನ ಮೇಲೂ ಕಾಗದದ ಪಟ್ಟಿ ಸುತ್ತಿ ನೋಡಿ. ಬಳೆ ಅಗಲ ಇದ್ದರೆ ಒಂದು ನಂಬರ್ ಜಾಸ್ತಿ ಹೇಳಿ. ಮೊಟ್ಟೆಯಾಕಾರದ್ದಾದರೆ ಹರಳು ಕೂರಿಸುವ ಮೊದಲೇ ಒಮ್ಮೆ ಹಾಕಿ ನೋಡಬೇಕು, ಯಾಕೆಂದರೆ ಆಮೇಲೆ ದುಂಡು ಕೋಲಿಗೆ ಹಾಕಿ ಬಡಿದು ದೊಡ್ಡದು ಮಾಡಿದರೆ ಆಕಾರವೂ ಹೋಗುತ್ತದೆ, ಹರಳೂ ಉದುರಬಹುದು.

ಅಸಲಿ ಹಳೇ ಉಂಗುರ ಕೊಳ್ಳುವ ಗೋಜಿಗೆ ಹೋಗಬೇಡಿ. 100 ವರ್ಷ ದಾಟಿದ ಇಂಥ ವಸ್ತುಗಳನ್ನು ಮಾರಲು 1972ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಚಂದ್ರವಳ್ಳಿ, ಬ್ರಹ್ಮಗಿರಿಯಂಥ ಹಳೇ ಊರುಗಳಿದ್ದ ಜಾಗಗಳ ಕಡೆ ಓಡಾಡುವಾಗ ಮಣ್ಣಲ್ಲಿ ಏನಾದರೂ ಹೊಳೆದರೆ ಜೇಬಿಗೆ ಹಾಕಬೇಡಿ, ಅಧಿಕಾರಿಗಳಿಗೆ ತಿಳಿಸಿ.